ಬಾರದ ನಿದ್ರೆಗೆ ಹಾಸಿಗೆ ಬಿಟ್ಟೇಳುವುದೇ ಮದ್ದು

ರಾತ್ರಿ 9 ಗಂಟೆಗೇ ಮಲಗಿದ ಹಿರಿಯರು ನಡುರಾತ್ರಿಯಲ್ಲಿ ಎದ್ದು ಕುಳಿತು ಗಡಿಯಾರ ನೋಡುವುದು, ಮಗ್ಗುಲು ಬದಲಿಸುತ್ತ ಬೆಳಗು ಮಾಡುವುದು ನಮ್ಮ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಬೆಳಗಾದರೆ ಮೈಭಾರ, ಸಿಡುಕು. ಮಧ್ಯಾಹ್ನ ಎರಡು ತಾಸು ಮಲಗಿ ಕೊರತೆ ತುಂಬಿಕೊಳ್ಳುವ ಯತ್ನ. ರಾತ್ರಿ ಮತ್ತೆ ಅದೇ ಪಾಡು. ಕೊನೆಗೆ ನಿದ್ರೆಯ ಮಾತ್ರೆ ಮನೆ ಸೇರುತ್ತದೆ. ಕೆಲವು ದಿನಗಳ ಮಟ್ಟಿಗೆ ಅದು ಆಸರೆಯಾದೀತು. ಆದರೆ ಬಹುಕಾಲ ನುಂಗಿದರೆ ಮಾತ್ರೆಯಿಲ್ಲದೆ ನಿದ್ರೆಯಿಲ್ಲವೆಂಬ ಸ್ಥಿತಿ ಒದಗಬಹುದು. ವಯಸ್ಸಾದವರು ಮಂಪರಿನಲ್ಲಿ ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಹೆಚ್ಚುತ್ತದೆ.

ಹಾಗಾದರೆ ಬೇರೆ ದಾರಿಯುಂಟೆ? ಉಂಟು. ವಾರಕ್ಕೆ ಮೂರು ರಾತ್ರಿಯಾದರೂ ನಿದ್ರೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ ಇದಕ್ಕೆ ಮೂರು ಬಗೆಯ ಕಾರಣಗಳನ್ನು ಗುರುತಿಸಿದರು. ಹುಟ್ಟಿನಿಂದ ಬಂದ ಸ್ವಭಾವ ಮೊದಲನೆಯದು. ಸಾವು, ಸಾಲ, ಕಾಯಿಲೆಯಂಥ ಆಘಾತ ಎರಡನೆಯದು. ಕಳೆದುಕೊಂಡ ನಿದ್ರೆಯನ್ನು ಹಿಡಿಯಲು ನಾವು ಮಾಡಿಕೊಂಡ ಅಭ್ಯಾಸಗಳು ಮೂರನೆಯವು. ಬೇಗ ಮಲಗುವುದು, ತಡವಾಗಿ ಏಳುವುದು, ಎಚ್ಚರವಿದ್ದೂ ಹಾಸಿಗೆಯಲ್ಲೇ ಹೊರಳಾಡುವುದು ಇವೇ ಆ ಅಭ್ಯಾಸಗಳು. ಆಘಾತ ಮರೆಯಾದರೂ ಅಭ್ಯಾಸ ಉಳಿಯುತ್ತದೆ. ನಿದ್ರಾಹೀನತೆಯನ್ನು ಸಾಕುವುದು ಅದೇ. ಸ್ವಭಾವವನ್ನು ಬದಲಿಸಲಾರೆವು, ಕಳೆದುಹೋದುದನ್ನು ಅಳಿಸಲಾರೆವು. ಅಭ್ಯಾಸವಾದರೋ ನಮ್ಮ ಕೈಯಲ್ಲಿದೆ.

1972ರಲ್ಲಿ ರಿಚರ್ಡ್ ಬೂಟ್‌ಜಿನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಹಾಸಿಗೆಯಲ್ಲಿ ಚಿಂತಿಸುತ್ತ, ಲೆಕ್ಕ ಹಾಕುತ್ತ ಬಿದ್ದುಕೊಂಡರೆ ಮನಸ್ಸು ಹಾಸಿಗೆಯನ್ನು ಎಚ್ಚರದ ಸ್ಥಳವೆಂದೇ ಕಲಿಯುತ್ತದೆ. ಈ ಕಲಿಕೆಯನ್ನು ಮರೆಸಬೇಕು. ಅದಕ್ಕಾಗಿ ಕಣ್ಣು ಕೂರುವಷ್ಟು ನಿದ್ರೆ ಬಂದಾಗಲೇ ಮಲಗಬೇಕು. ಅಂದಾಜು 15-20 ನಿಮಿಷದಲ್ಲಿ ನಿದ್ರೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಶಾಂತವಾಗಿ ಕುಳಿತು, ನಿದ್ರೆ ಬಂದಾಗ ಮಾತ್ರ ಮರಳಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ವೇಳೆ ಒಂದೇ ಇರಬೇಕು. ಹಗಲು ನಿದ್ರೆ ಬೇಡ. ಹಾಸಿಗೆಯಲ್ಲಿ ಟಿವಿ, ಮೊಬೈಲು, ಮನೆವಾರ್ತೆಯ ಚರ್ಚೆ ಸಲ್ಲದು.

1987ರಲ್ಲಿ ಸ್ಪೀಲ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ನಿದ್ರೆ ಬಾರದವರು ಹಾಸಿಗೆಯಲ್ಲಿರುವ ಕಾಲವನ್ನು ಕಡಿಮೆ ಮಾಡಬೇಕು! ಮೊದಲು ಒಂದೆರಡು ವಾರ ಮಲಗಿದ, ನಿದ್ರಿಸಿದ, ಎದ್ದ ವೇಳೆಗಳನ್ನು ಬರೆದಿಡಬೇಕು. ಒಬ್ಬರು 9 ತಾಸು ಮಲಗಿ ಐದೂವರೆ ತಾಸು ಮಾತ್ರ ನಿದ್ರಿಸುತ್ತಾರೆನ್ನೋಣ. ಬೆಳಗ್ಗೆ ಐದೂವರೆಗೆ ಏಳುವವರಾದರೆ ಅವರು 12 ಗಂಟೆಗೆ ಮಲಗತಕ್ಕದ್ದು. ಹಗಲೆಲ್ಲ ಕೂಡಿದ ನಿದ್ರೆಯ ಹಸಿವು ಆಗ ಗಾಢ ನಿದ್ರೆಯನ್ನು ತರುತ್ತದೆ. ಮಲಗಿದ ಕಾಲದಲ್ಲಿ ಶೇಕಡಾ 85-90ರಷ್ಟು ನಿದ್ರೆಯಾಗತೊಡಗಿದ ಮೇಲೆ 15 ನಿಮಿಷದಂತೆ ಮೆಲ್ಲನೆ ಹೆಚ್ಚಿಸುತ್ತ ಹೋಗಬೇಕು. ಐದು ತಾಸಿಗಿಂತ ಕಡಿಮೆ ಮಾಡುವುದು ಸಾಮಾನ್ಯವಾಗಿ ಕೂಡದು. ಮೊದಲ ದಿನಗಳಲ್ಲಿ ಬಳಲಿಕೆ ಖಂಡಿತ. ಅನೇಕರು ಅಲ್ಲಿಯೇ ಕೈಬಿಡುತ್ತಾರೆ. ತಾಳಿಕೊಂಡವರು ಕೆಲವು ವಾರಗಳಲ್ಲಿ ಫಲ ಕಾಣುತ್ತಾರೆ.

ಇವುಗಳೊಡನೆ ಮೈಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ, ನಾಳಿನ ಚಿಂತೆಗಳನ್ನು ಸಂಜೆಯೇ ಕಾಗದಕ್ಕಿಳಿಸುವುದು, "ಇಂದು ನಿದ್ರೆಗೆಟ್ಟರೆ ನಾಳೆ ಸರ್ವನಾಶ" ಎಂಬ ಭಯವನ್ನು ತರ್ಕದಿಂದ ತಿದ್ದಿಕೊಳ್ಳುವುದು ಇವನ್ನು ಸೇರಿಸಿ ನಡೆಸುವ ಚಿಕಿತ್ಸೆಯನ್ನೇ ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಸಂಜೆಯ ಕಾಫಿ, ಚಹಾವನ್ನೂ ಬಿಡುವುದು ಲೇಸು. ಕುಡಿದು ನಾಲ್ಕೈದು ತಾಸಾದರೂ ಕೆಫೀನಿನ ಸುಮಾರು ಅರ್ಧಾಂಶ ದೇಹದಲ್ಲಿ ಉಳಿದಿರುತ್ತದೆ.

ಎಚ್ಚರಿಕೆಯ ಮಾತೂ ಅವಶ್ಯ. ಬಹುಕಾಲ ಸೇವಿಸಿದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ಇಳಿಸಬೇಕು. ಜೋರಾದ ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ಅದು ಬೇರೆ ರೋಗ. ಅದಕ್ಕೆ ತಪಾಸಣೆಯೇ ಬೇಕು. ಮೂರ್ಛೆರೋಗ ಅಥವಾ ಉನ್ಮಾದದ ಇತಿಹಾಸವುಳ್ಳವರು, ವಾಹನ ನಡೆಸುವವರು ವೈದ್ಯರನ್ನು ಕೇಳದೆ ನಿದ್ರೆಯ ಕಾಲವನ್ನು ಮೊಟಕುಗೊಳಿಸಬಾರದು.

ಮನೆಯವರ ಪಾತ್ರವೂ ಚಿಕ್ಕದಲ್ಲ. "ಅಪ್ಪಾ, ರಾತ್ರಿ ನಿದ್ದೆ ಬಂತೇನು?" ಎಂದು ಬೆಳಗಾದೊಡನೆ ಕೇಳುವುದು, "ಇನ್ನಷ್ಟು ಹೊತ್ತು ಮಲಗಿರಿ" ಎಂದು ಒತ್ತಾಯಿಸುವುದು ಪ್ರೀತಿಯ ಮಾತೇ ಸರಿ, ಆದರೆ ಅದು ಭಯವನ್ನು ಬೆಳೆಸುತ್ತದೆ. ಅದರ ಬದಲು ಬೆಳಗಿನ ಬಿಸಿಲಿನಲ್ಲಿ ಅವರೊಡನೆ ನಾಲ್ಕು ಹೆಜ್ಜೆ ನಡೆಯೋಣ, ಮಧ್ಯಾಹ್ನದ ಹೊತ್ತು ಮಾತಿಗೆ ಜೊತೆಯಾಗೋಣ. ನಿದ್ರೆ ಬೆನ್ನಟ್ಟಿದರೆ ಓಡುತ್ತದೆ. ನಾವು ದಿನಚರಿಯನ್ನು ಕಾಪಾಡಿದರೆ ಅದು ತಾನಾಗಿಯೇ ಬಳಿಗೆ ಬರುತ್ತದೆ.