ಟರ್ಕಿ ಹಬ್ಬದ ವಾರದಲ್ಲಿ ವಿಜ್ಞಾನದ ಟೀಚರ್

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. ನಮ್ಮಲ್ಲಿ ದೀಪಾವಳಿಗೆ ಮಗಳು ಅಳಿಯ ಬರುವ ಹಾಗೆ ಅಲ್ಲಿ ಆ ದಿನಕ್ಕೆ ದೂರದೂರಿನ ಮಕ್ಕಳೆಲ್ಲ ಮನೆ ಸೇರುತ್ತಾರೆ. ಊಟದ ಮೇಜಿನ ಮೇಲೆ ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ, ಸಿಹಿಗುಂಬಳದ ಪೈ, ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜು.

ಇದನ್ನು ಇಡೀ ದೇಶದ ಹಬ್ಬ ಮಾಡಿಸಿದಾಕೆ ಒಂದು ಮಹಿಳಾ ಪತ್ರಿಕೆಯ ಸಂಪಾದಕಿ ಅಂದರೆ ನಿಮಗೆ ಖುಷಿಯಾದೀತು. ಸಾರಾ ಜೋಸೆಫಾ ಹೇಲ್ ಎಂಬಾಕೆ. 1822ರಲ್ಲಿ ಗಂಡ ತೀರಿಕೊಂಡಾಗ ಕೈಯಲ್ಲಿ ಐದು ಮಕ್ಕಳು. ಬರೆದು ಬದುಕಿದಳು, ಪತ್ರಿಕೆ ನಡೆಸಿದಳು, ಈ ಹಬ್ಬಕ್ಕಾಗಿ ವರ್ಷಗಟ್ಟಲೆ ದೊಡ್ಡವರಿಗೆಲ್ಲ ಕಾಗದ ಬರೆದಳು. ಕೊನೆಗೆ 1863ರಲ್ಲಿ ಅಧ್ಯಕ್ಷ ಲಿಂಕನ್ ಒಪ್ಪಿಕೊಂಡರು. ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ. ಎಲ್ಲರಿಗೂ ಇದು ಸಂತೋಷದ ದಿನವಲ್ಲ ಅನ್ನೋದನ್ನೂ ಹೇಳಬೇಕು. ಬಿಳಿಯರು ಬಂದು ನೆಲ ಕಳೆದುಕೊಂಡ ಮೂಲನಿವಾಸಿಗಳಲ್ಲಿ ಕೆಲವರು 1970ರಿಂದ ಅದೇ ದಿನ ಪ್ಲಿಮತ್ ಊರಲ್ಲಿ ಸೇರಿ ಶೋಕ ಆಚರಿಸುತ್ತಾರೆ.

ನಮ್ಮ ನಾದಿನಿ ನ್ಯೂಜೆರ್ಸಿಯ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ರಜೆಯ ಹಿಂದಿನ ಎರಡು ದಿನ ಮಕ್ಕಳ ಮನಸ್ಸು ಪಾಠದಲ್ಲಿ ಎಲ್ಲಿರುತ್ತೆ ಹೇಳಿ? ಅದಕ್ಕೇ ಆಕೆ ಅಡಿಗೆಮನೆಯನ್ನೇ ಕ್ಲಾಸಿಗೆ ಹೊತ್ತುಕೊಂಡು ಹೋಗುತ್ತಾಳೆ. ಕ್ರ್ಯಾನ್‌ಬೆರಿ ಅಂದರೆ ನಮ್ಮ ಕವಳೆ ಹಣ್ಣಿನ ಥರ, ಸಣ್ಣದು, ಕೆಂಪು, ಹಲ್ಲು ಚುಳ್ಳೆನ್ನುವಷ್ಟು ಹುಳಿ. ಅಡ್ಡ ಕೊಯ್ದರೆ ಒಳಗೆ ನಾಲ್ಕು ಪೊಳ್ಳು ಗೂಡು, ಗೂಡಿನ ತುಂಬ ಗಾಳಿ. ಅದಕ್ಕೇ ನೀರಲ್ಲಿ ತೇಲುತ್ತೆ. ರೈತರು ತೋಟಕ್ಕೆ ನೀರು ಕಟ್ಟಿ, ತೇಲಿದ ಹಣ್ಣನ್ನು ಒಟ್ಟುಮಾಡುವುದೂ ಇದೇ ಗುಟ್ಟಿನಿಂದ. ಹಣ್ಣಿನ ರಸಕ್ಕೆ ಅಡಿಗೆ ಸೋಡ ಹಾಕಿದರೆ ಕೆಂಪು ಹೋಗಿ ಬಣ್ಣ ಬದಲಾಗುತ್ತೆ, ನಿಂಬೆಹಣ್ಣು ಹಿಂಡಿದರೆ ಮತ್ತೆ ಕೆಂಪು!

ಇದರಲ್ಲೇನು ಮಹಾ ಅಂತೀರಾ? ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುವ ನಮಗೆ ಇದು ಹಳೇ ವಿದ್ಯೆಯೇ. ಸೀರೆಯ ಮೇಲಿನ ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುವುದೂ ಅದೇ ಕಾರಣಕ್ಕೆ. ಕೆಂಪು ದಾಸವಾಳವನ್ನು ಬಿಸಿನೀರಲ್ಲಿ ನೆನೆಸಿ, ಸೋಡ ಹಾಕಿ ಮಕ್ಕಳಿಗೆ ತೋರಿಸಿ. ನೀರು ಹಸಿರಾಗುತ್ತೆ.

ಮಾಂಸ ಮುಟ್ಟದ ನಾದಿನಿ ಟರ್ಕಿ ಪಾಠವನ್ನೂ ಬಿಡುವುದಿಲ್ಲ. ಹೆಪ್ಪುಗಟ್ಟಿದ ಹಕ್ಕಿಯನ್ನು ಫ್ರಿಜ್ಜಿನಲ್ಲೇ ಕರಗಿಸಬೇಕು, ಎರಡು ಕಿಲೋಗೆ ಸುಮಾರು ಒಂದು ದಿನ. ಹೊರಗಿಟ್ಟರೆ ಒಳಗೆ ಮಂಜು, ಮೇಲೆ ಕ್ರಿಮಿ. ಬೇಯಿಸುವಾಗ ಒಳಗಿನ ಶಾಖ 74 ಡಿಗ್ರಿ ಸೆಂಟಿಗ್ರೇಡ್ ಮುಟ್ಟಬೇಕು. ಉಳಿದ ಅಡಿಗೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಟರ್ಕಿ ತಿಂದರೆ ನಿದ್ದೆ ಬರುತ್ತೆ ಅನ್ನುವ ಮಾತು ಅಲ್ಲಿ ಮನೆಮನೆಯಲ್ಲೂ ಇದೆ. ಆ ನಿದ್ದೆಯ ವಸ್ತು ಮಾಮೂಲಿ ಕೋಳಿಯಲ್ಲೂ ಅಷ್ಟೇ ಇದೆ. ನಿದ್ದೆ ಬರುವುದು ಹೊಟ್ಟೆಬಿರಿ ತಿಂದದ್ದಕ್ಕೆ.

ಆದರೆ “ನಿಮ್ಮ ಮನೆಯ ಹಬ್ಬದೂಟದ ಬಗ್ಗೆ ಬರೆದು ತನ್ನಿ” ಅಂತ ಆಕೆ ಎಂದೂ ಹೋಂವರ್ಕ್ ಕೊಡುವುದಿಲ್ಲ. ಏಕೆ ಗೊತ್ತೆ? ಕ್ಲಾಸಿನಲ್ಲಿ ಹಬ್ಬವೇ ಇಲ್ಲದ ಮನೆಗಳ ಮಕ್ಕಳಿದ್ದಾರೆ. ಅಪ್ಪನ ಮನೆಯಲ್ಲೊಮ್ಮೆ, ಅಮ್ಮನ ಮನೆಯಲ್ಲೊಮ್ಮೆ ಉಣ್ಣುವವರಿದ್ದಾರೆ. ಅಷ್ಟು ಶ್ರೀಮಂತ ದೇಶದಲ್ಲೂ ಶಾಲೆಯ ಊಟವನ್ನೇ ನಂಬಿದ ಮಕ್ಕಳಿದ್ದಾರೆ ಕಣ್ರೀ. ಶಾಲೆಯೂಟದ ಕಾನೂನು ಅಲ್ಲಿ 1946ರಿಂದ ಇದೆ. ಬಡವರ ಮಕ್ಕಳಿಗೆ ಬಿಟ್ಟಿ ಊಟ. ರಜೆ ಬಂದರೆ ಆ ಊಟವೂ ಬಂದ್. ನಾದಿನಿ ಮತ್ತು ಇನ್ನಿಬ್ಬರು ಟೀಚರುಗಳು ಅಕ್ಕಿ, ಒಣಕಾಳು, ಡಬ್ಬಿಯ ತರಕಾರಿ ಚೀಲಕ್ಕೆ ಹಾಕಿ, ಬೇರೆ ಮಕ್ಕಳ ಕಣ್ಣಿಗೆ ಬೀಳದಂತೆ ಕೊಟ್ಟು ಕಳಿಸುತ್ತಾರೆ. ಕ್ಲಾಸಿನ ಸಾಮಾನಿಗೂ ಟೀಚರುಗಳು ಕೈಯಿಂದಲೇ ಹಾಕುವುದು ಎಷ್ಟು ಮಾಮೂಲು ಅಂದರೆ, ಸರ್ಕಾರ 2002ರಲ್ಲಿ ಅದಕ್ಕೆಂದೇ 250 ಡಾಲರ್ ತೆರಿಗೆ ವಿನಾಯಿತಿ ತಂದು, 2022ರಲ್ಲಿ 300ಕ್ಕೆ ಏರಿಸಿತು.

2023ರ ಹಬ್ಬಕ್ಕೆ ನಮ್ಮ ಅತ್ತೆಯವರು ಅಲ್ಲೇ ಇದ್ದರು. ಹನ್ನೆರಡು ವರ್ಷದ ಮೊಮ್ಮಗಳನ್ನು ಗೆಳತಿಯ ಮನೆಯಲ್ಲಿ ಊಟಕ್ಕೆ ಕರೆದಿದ್ದರು. “ಎಲ್ಲರೂ ತಿಂತಾರೆ, ನಾನೂ ಟರ್ಕಿ ತಿಂತೀನಿ” ಅಂತ ಹುಡುಗಿಯ ಹಟ. ನಾದಿನಿಗೆ ಸಿಟ್ಟು, ಅವಳ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಕೂಗಾಡಿಯಾರು ಅಂತ ಎಲ್ಲರೂ ಹೆದರಿದ್ದರೆ, ಅವರು ಅಂದದ್ದು ಇಷ್ಟೇ: “ಕರೆದವರ ಮನೇಲಿ ಮುಖ ಸಿಂಡರಿಸಬೇಡ. ತಟ್ಟೆಗೆ ಏನು ಹಾಕಿಸ್ಕೋಬೇಕೋ ನೀನೇ ಯೋಚನೆ ಮಾಡು. ಬರಿಗೈಲಿ ಮಾತ್ರ ಹೋಗಬೇಡ.” ಕ್ರ್ಯಾನ್‌ಬೆರಿಗೆ ಒಣಮೆಣಸಿನ ಪುಡಿ, ಮೆಂತ್ಯ, ಬೆಲ್ಲ, ಇಂಗಿನ ಒಗ್ಗರಣೆ ಹಾಕಿ ತೊಕ್ಕು ಕುದಿಸಿ ಒಂದು ಬಾಟಲಿ ಕೊಟ್ಟರು. ಆ ಮನೆಯಾಕೆ ಇವಳಿಗೆಂದೇ ಮಾಂಸದ ರಸ ಸೋಕಿಸದೆ ಬ್ರೆಡ್ಡಿನ ಪಲ್ಯ ಬೇರೆ ಮಾಡಿಟ್ಟಿದ್ದರಂತೆ. ಹುಡುಗಿ ಟರ್ಕಿ ತಿಂದಳೋ ಬಿಟ್ಟಳೋ, ಅತ್ತೆ ಕೇಳಲೇ ಇಲ್ಲ. ನನಗೆ ಅದೇ ಸರಿಯೆನಿಸಿತು.

ಮರುದಿನ ಶುಕ್ರವಾರ ಊರಿಗೆ ಊರೇ ರಿಯಾಯಿತಿ ಮಾರಾಟಕ್ಕೆ ಅಂಗಡಿಗಳಿಗೆ ನುಗ್ಗಿದರೆ, ನಾದಿನಿ ಅದೇ ಊಟದ ಮೇಜಿನ ಮೇಲೆ ಪೇಪರ್ ತಿದ್ದುತ್ತ ಕೂತಿದ್ದಳು. ಸೋಮವಾರ ಶಾಲೆ ತೆರೆದಾಗ ಒಬ್ಬ ಹುಡುಗ ಸಣ್ಣ ಶೀಸೆ ತಂದಿದ್ದ. ಟೀಚರುಗಳು ಕೊಟ್ಟ ಚೀಲದಲ್ಲಿದ್ದ ಕಪ್ಪು ಕಾಳು ನೆನೆಸಿದ ನೀರು. ಸೋಡ ಹಾಕಿದರೆ ನೀಲಿ ಹಸಿರು, ನಿಂಬೆ ಹಿಂಡಿದರೆ ಗುಲಾಬಿ. ಅವನೇ ಕಂಡುಹಿಡಿದದ್ದು. ಕಾಳು ನೆನೆಸಿದ ನೀರಿಗೂ ಆ ಗುಣವಿದೆ ಅಂತ ನಾದಿನಿಗೂ ಗೊತ್ತಿರಲಿಲ್ಲವಂತೆ. ಆ ದಿನ ಕ್ಲಾಸಿಗೆ ಅವನೇ ಮಾಡಿ ತೋರಿಸಿದ.