ಸೊನ್ನೆಯಿಂದ ಒಂದು ಬ್ರೌಸರ್!

ವೆಬ್ ಪುಟವೊಂದರ ಟೇಬಲ್ಲಿನೊಳಗೆ ಒಂದು ಪದ ದಿಕ್ಕಿಲ್ಲದೆ ಬಿದ್ದಿದೆ ಅಂದುಕೊಳ್ಳಿ. ಪುಟ ಬರೆದವರ ಕೈತಪ್ಪು. ಅದು ಯಾವ ಸಾಲಿಗೂ ಸೇರಿಲ್ಲ, ಯಾವ ಕೋಶಕ್ಕೂ ಸೇರಿಲ್ಲ, ಅಪ್ಪಟ ತಬ್ಬಲಿ. ಆಗ ಬ್ರೌಸರ್ ಏನು ಮಾಡುತ್ತದೆ ಗೊತ್ತೇ? ಆ ಪದವನ್ನು ಮೆಲ್ಲಗೆ ಎತ್ತಿ, ಟೇಬಲ್ಲಿನಿಂದ ಹೊರಗೆ ತಂದು, ಅದರ ಮುಂದೆ ಕೂರಿಸುತ್ತದೆ. ಈ ನಿಯಮದ ಹೆಸರು 'ಫಾಸ್ಟರ್ ಪೇರೆಂಟಿಂಗ್'. ತಬ್ಬಲಿಯನ್ನು ಸಾಕುವವರ ಕೈಗೆ ಒಪ್ಪಿಸುವುದು! ಇನ್ನೊಂದಿದೆ. ದಪ್ಪಕ್ಷರ ಶುರುಮಾಡಿ, ಅದರೊಳಗೆ ಓರೆಯಕ್ಷರ ಶುರುಮಾಡಿ, ಓರೆಯನ್ನು ಮುಗಿಸದೆ ದಪ್ಪವನ್ನು ಮುಗಿಸಿಬಿಟ್ಟರೆ? ಓರೆಯನ್ನು ಎರಡು ತುಂಡು ಮಾಡಿ, ಒಂದನ್ನು ಒಳಗೆ, ಒಂದನ್ನು ಹೊರಗೆ ಇಟ್ಟು ರಾಜಿ ಮಾಡಿಸುವ ಕ್ರಮವೂ ಇದೆ. ಅದಕ್ಕೆ 'ಅಡಾಪ್ಷನ್ ಏಜೆನ್ಸಿ' ಎಂದು ಹೆಸರು. ದತ್ತು ಕೊಡಿಸುವ ಸಂಸ್ಥೆ!

ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾವು ದಿನಕ್ಕೆ ನೂರು ಸಲ ಬೆರಳಿಟ್ಟು ಸರಿಸುವ ಆ ಕಿಟಕಿಯ ಹಿಂದೆ, ಜಗತ್ತಿನ ಎಲ್ಲರ ಕೈತಪ್ಪುಗಳನ್ನೂ ಕ್ಷಮಿಸಿ ಸರಿಪಡಿಸುವ ಒಂದು ಮಹಾ ನಿಯಮಗ್ರಂಥವೇ ಇದೆ. 2004ರಲ್ಲಿ ಆಪಲ್, ಮೊಝಿಲ್ಲಾ, ಒಪೇರಾಗಳಲ್ಲಿದ್ದವರು ಕೂಡಿ ಕಟ್ಟಿದ ಗುಂಪೊಂದು ಇವತ್ತಿಗೂ ಅದನ್ನು ತಿದ್ದುತ್ತಲೇ ಇದೆ. ಯಾರು ಬೇಕಾದರೂ ಓದಬಹುದು. ಹಾಗಾದರೆ ಯಾರು ಬೇಕಾದರೂ ಬ್ರೌಸರ್ ಕಟ್ಟಬಹುದಲ್ಲವೇ?

ಕಟ್ಟಬಹುದು, ಆದರೆ ಯಾರೂ ಕಟ್ಟುತ್ತಿರಲಿಲ್ಲ. ಅಷ್ಟು ದೊಡ್ಡ ಕೆಲಸ ಅದು. ಪುಟದ ಕೋಡ್ ಓದಿ ತೆರೆಯ ಮೇಲೆ ಮೂಡಿಸುವ ಭಾಗಕ್ಕೆ ಎಂಜಿನ್ ಎನ್ನುತ್ತಾರೆ. 2013ರಲ್ಲಿ ಒಪೇರಾ ತನ್ನ ಸ್ವಂತ ಎಂಜಿನ್ ಕೈಬಿಟ್ಟಿತು. 2018ರ ಕೊನೆಗೆ ಮೈಕ್ರೋಸಾಫ್ಟೇ ಸಾಕಪ್ಪಾ ಎಂದು ಗೂಗಲ್ಲಿನ ಕ್ರೋಮಿಯಂಗೆ ಬರುವುದಾಗಿ ಸಾರಿತು. ಮೈಕ್ರೋಸಾಫ್ಟ್! ಉಳಿದ ದೊಡ್ಡ ಎಂಜಿನ್‌ಗಳು ಮೂರೇ: ಗೂಗಲ್ಲಿನ ಬ್ಲಿಂಕ್, ಆಪಲ್ಲಿನ ವೆಬ್‌ಕಿಟ್, ಮೊಝಿಲ್ಲಾದ ಗೆಕೋ. ಆ ಮೊಝಿಲ್ಲಾದ ಬಹುಪಾಲು ಆದಾಯವೂ ಗೂಗಲ್ಲಿನ ಹುಡುಕಾಟದ ಒಪ್ಪಂದದಿಂದಲೇ.

ಅದೇ 2018ರ ಅಕ್ಟೋಬರಿನಲ್ಲಿ, ಸ್ವೀಡನ್ನಿನಲ್ಲಿ, ಆಂಡ್ರಿಯಾಸ್ ಕ್ಲಿಂಗ್ ಎಂಬ ಪ್ರೋಗ್ರಾಮರ್ ವ್ಯಸನಮುಕ್ತಿ ಚಿಕಿತ್ಸೆ ಮುಗಿಸಿ ಮನೆಗೆ ಬಂದಿದ್ದರು. ಹಿಂದೆ ನೋಕಿಯಾ, ಆಪಲ್‌ಗಳಲ್ಲಿ ವೆಬ್‌ಕಿಟ್ ಮೇಲೆ ದುಡಿದ ಕೈ. ದಿನ ಕಳೆಯಬೇಕು, ಮನಸ್ಸು ಮತ್ತೆ ಅತ್ತ ಹೋಗಬಾರದು. ಅದಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಂ ಬರೆಯತೊಡಗಿದರು. ಚೇತರಿಸಿಕೊಳ್ಳುವವರು ಹೇಳಿಕೊಳ್ಳುವ ಸಮಾಧಾನದ ಪ್ರಾರ್ಥನೆಯಿಂದಲೇ ಅದಕ್ಕೆ ಸೆರೆನಿಟಿ ಎಂದು ಹೆಸರಿಟ್ಟರು. ಕೋಡ್ ಬರೆಯುವುದನ್ನು ವಿಡಿಯೋ ಮಾಡಿ ಹಾಕಿದರು. ನೋಡಿದವರು ಸುಮ್ಮನೆ ಕೂರಲಿಲ್ಲ, ಬಂದು ಕೈಜೋಡಿಸಿದರು! 2019ರಲ್ಲಿ ಅದರೊಳಗೆ ಚಿಕ್ಕದೊಂದು ಎಚ್‌ಟಿಎಂಎಲ್ ಓದುಗ ಹುಟ್ಟಿತು, 2020ರಲ್ಲಿ ಜಾವಾಸ್ಕ್ರಿಪ್ಟ್ ಎಂಜಿನ್, 2022ರಲ್ಲಿ ಲೇಡಿಬರ್ಡ್ ಎಂಬ ಬ್ರೌಸರ್. ಹುಳುವಿನ ಹೆಸರು, ರೆಕ್ಕೆ ಇರುವ ಹುಳು!

ಆ ಕೋಡನ್ನು ತೆರೆದು ನೋಡಿ, ದಯವಿಟ್ಟು ನೋಡಿ. ನಿಯಮಗ್ರಂಥದ ಒಂದೊಂದು ಹೆಜ್ಜೆಯನ್ನೂ ಕಾಮೆಂಟಾಗಿ, ಅಂಕಿ ಸಮೇತ, ಹಾಗೇ ಇಳಿಸಿಕೊಂಡಿದ್ದಾರೆ. ಹೆಜ್ಜೆ 1, ಅದರ ಕೆಳಗೆ ಅದನ್ನು ಮಾಡುವ ಸಾಲು. ಹೆಜ್ಜೆ 2, ಅದರ ಕೆಳಗೆ ಅದರ ಸಾಲು. ಮೂಲ ಮೇಲೆ, ಟೀಕೆ ಕೆಳಗೆ ಇರುವ ಹಳೆಯ ಸಟೀಕ ಕಾವ್ಯದ ಪುಟ ನೆನಪಾಯಿತು ನನಗೆ. ಹೀಗೆ ಓದುತ್ತ ಓದುತ್ತ ಗ್ರಂಥದಲ್ಲೇ ತಪ್ಪು ಸಿಕ್ಕರೆ? ಅದನ್ನೂ ತಿಳಿಸಿ ತಿದ್ದಿಸುತ್ತಾರೆ.

ಇಷ್ಟು ಜನ ಸೇರಿದ ಮೇಲೆ ಜಗಳ ಬರದೇ ಇರುತ್ತದೆಯೇ? ಬಂತು, ಎಲ್ಲರ ಕಣ್ಣೆದುರೇ ಬಂತು. 2021ರಲ್ಲಿ ಸೆರೆನಿಟಿಯ ಕೈಪಿಡಿಯಲ್ಲಿ ಬಳಕೆದಾರರನ್ನು 'ಅವನು' ಎಂದು ಬರೆದದ್ದನ್ನು ಲಿಂಗವಿಲ್ಲದ ಪದಕ್ಕೆ ಬದಲಿಸಿ ಎಂದು ಒಬ್ಬರು ತಿದ್ದುಪಡಿ ಕಳಿಸಿದರು. ವೈಯಕ್ತಿಕ ರಾಜಕೀಯಕ್ಕೆ ಇಲ್ಲಿ ಜಾಗವಿಲ್ಲ ಎಂಬರ್ಥದ ಮಾತಾಡಿ ಕ್ಲಿಂಗ್ ಅದನ್ನು ತಳ್ಳಿಹಾಕಿದರು. 2024ರಲ್ಲಿ ಲೇಡಿಬರ್ಡ್ ಸುದ್ದಿಯಾದಾಗ ಆ ಹಳೆಯ ಕಿಡಿ ಮತ್ತೆ ಹೊತ್ತಿಕೊಂಡಿತು. ತಿದ್ದುಪಡಿ ಒಪ್ಪಬೇಕಿತ್ತು ಎಂದೇ ನನ್ನ ಭಾವನೆ. ಒಂದು ಪದದ ಖರ್ಚಿನಲ್ಲಿ ಬಾಗಿಲು ಇನ್ನಷ್ಟು ಅಗಲವಾಗುತ್ತಿತ್ತು. ನಮಗೆ 'ಅವರು' ಇದೆ, ಗಂಡಿಗೂ ಹೆಣ್ಣಿಗೂ ಒಂದೇ, ಮೇಲೆ ಗೌರವ ಬೇರೆ. ಆದರೂ ನಾವು 'ಬಳಕೆದಾರ' ಎಂದೇ ಬರೆಯುತ್ತೇವಲ್ಲ!

ಭಾಷೆಯ ಜಗಳ ಇನ್ನೊಂದು. ಕೋಡನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಸಿ ಪ್ಲಸ್ ಪ್ಲಸ್ ಬಿಟ್ಟು ಮೆಲ್ಲಗೆ ಸ್ವಿಫ್ಟ್‌ಗೆ ಹೋಗೋಣ ಎಂದರು 2024ರಲ್ಲಿ. 2026ರ ಫೆಬ್ರವರಿಯಲ್ಲಿ ಅದನ್ನೂ ಬಿಟ್ಟು ರಸ್ಟ್ ಹಿಡಿದರು. ಎಐ ನೆರವಿನಿಂದ ಸುಮಾರು 25,000 ಸಾಲು ಎರಡೇ ವಾರದಲ್ಲಿ ಹೊಸ ಭಾಷೆಗೆ ಬಂತು, ಹಳೆಯದರ ಉತ್ತರ, ಹೊಸದರ ಉತ್ತರ ಬೈಟಿಗೆ ಬೈಟ್ ತಾಳೆಯಾಗುವಂತೆ!

ಆದರೆ ನನ್ನ ಎದೆ ಬಡಿದುಕೊಳ್ಳುವಂತೆ ಮಾಡಿದ್ದು ಬೇರೊಂದು ಬಿರುಕು. ಸೆರೆನಿಟಿಯಲ್ಲಿ ಒಂದು ವ್ರತವಿತ್ತು: ಹೊರಗಿನವರ ಒಂದು ಸಾಲೂ ಬೇಡ, ಎಲ್ಲವನ್ನೂ ನಾವೇ ಬರೆಯಬೇಕು. ಚಿತ್ರ ಬಿಚ್ಚುವುದು, ಅಕ್ಷರ ಬಿಡಿಸುವುದು, ಎಲ್ಲ. ಅದರಲ್ಲೊಂದು ಅಪೂರ್ವ ಸುಖವಿದೆ. ಆದರೆ ನಾಳೆ ಜನ ಬಳಸುವ ಬ್ರೌಸರ್ ಬೇಕೆಂದರೆ ಆ ವ್ರತ ನಡೆಯದು. 2024ರ ಜೂನ್‌ನಲ್ಲಿ ಕ್ಲಿಂಗ್ ತಾವೇ ಹುಟ್ಟಿಸಿದ ಸೆರೆನಿಟಿಯ ಮುಂದಾಳತ್ವ ಬಿಟ್ಟರು, ಲೇಡಿಬರ್ಡ್ ಬೇರೆ ಮನೆ ಹೂಡಿತು. ಜುಲೈನಲ್ಲಿ ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ವಾನ್‌ಸ್ಟ್ರಾತ್ ಜತೆ ಸೇರಿ ಲಾಭದ ಉದ್ದೇಶವಿಲ್ಲದ ಸಂಸ್ಥೆ ಕಟ್ಟಿದರು. ಕ್ರಿಸ್ ಮನೆಯವರ ದೇಣಿಗೆ 10 ಲಕ್ಷ ಡಾಲರ್. ಹುಡುಕಾಟದ ಒಪ್ಪಂದ ಬೇಡ, ಜಾಹೀರಾತು ಬೇಡ, ಕೊಡುವವರ ದುಡ್ಡಿನಲ್ಲೇ ನಡೆಯಬೇಕು. 2025ರಲ್ಲಿ, ಹೆಚ್ಚುಕಡಿಮೆ 20 ಲಕ್ಷ ಉಪಪರೀಕ್ಷೆಗಳಿರುವ, ಬ್ರೌಸರ್‌ಗಳನ್ನು ಒರೆಹಚ್ಚುವ ಸಾರ್ವಜನಿಕ ವೆಬ್ ಪರೀಕ್ಷೆಯಲ್ಲಿ ಲೇಡಿಬರ್ಡ್ ಶೇ 90 ದಾಟಿತು. ಬೇರೆ ಎಂಜಿನ್ನಿಗೆ ಐಫೋನ್ ಬಾಗಿಲು ತೆರೆಯಲು ಆಪಲ್ ಹಾಕಿರುವ ಷರತ್ತುಗಳಲ್ಲಿ ಅದೂ ಒಂದು!

ಬೇರೆ ಮನೆ ಹೂಡಿದ ಮೇಲೆ ಹೊರಗಿನಿಂದ ಬಂದ ಮೊದಮೊದಲ ನೆಂಟರಲ್ಲಿ ಹರ್ಫ್‌ಬಝ್ ಎಂಬುದೊಂದು. ಹೆಸರು ಪರ್ಷಿಯನ್, ಕೆಲಸ ಅಕ್ಷರ ಜೋಡಿಸುವುದು. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೂ ಇರುವುದು ಅದೇ. ಸೆರೆನಿಟಿಯವರ ಸ್ವಂತ ಕೋಡಿಗೆ ಲ್ಯಾಟಿನ್ ಸಲೀಸು, ನಮ್ಮ ಒತ್ತಕ್ಷರದ ವಿದ್ಯೆ ಇರಲಿಲ್ಲ. 'ಕರ್ನಾಟಕ' ಎಂದು ಟೈಪ್ ಮಾಡಿ. ಕಂಪ್ಯೂಟರಿನೊಳಗೆ ಏಳು ಸಂಕೇತ ಸಾಲಾಗಿ ನಿಲ್ಲುತ್ತವೆ: ಕ, ರ, ಹಲಂತದ ಗುರುತು, ನ, 'ಆ' ಸ್ವರದ ಗುರುತು, ಟ, ಕ. ನಾಲಿಗೆಯಲ್ಲಿ ರಕಾರ ಮೊದಲು, ನಕಾರ ಆಮೇಲೆ. ಹರ್ಫ್‌ಬಝ್ ಆ ರಕಾರವನ್ನು ಹಿಡಿದು, ಹಲಂತ ಕಳಚಿ, ಅರ್ಕಾವತ್ತಿನ ರೂಪ ತೊಡಿಸಿ, 'ನಾ' ಮೇಲಿಂದ ಆಚೆಗೆ ಹಾರಿಸುತ್ತದೆ. ಅದು ಹಾರಿ, 'ನಾ' ಪಕ್ಕದಲ್ಲಿ, 'ಟ' ಬರುವ ಮುಂಚೆ, ಸರಿಯಾಗಿ ಕೂತುಕೊಳ್ಳುತ್ತದೆ.