ನಮ್ಮೂರಿನಲ್ಲೇ ಇದೆ ಭೌತಶಾಸ್ತ್ರದ ಪಾಠ

ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿ ಕಲಿತು ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸೇರುವ ಕಡೂರು, ತರೀಕೆರೆ, ಅಜ್ಜಂಪುರದ ಮಕ್ಕಳಲ್ಲಿ ಅನೇಕರಿಗೆ ಭೌತಶಾಸ್ತ್ರವೆಂದರೆ ಭಯ. ಉಷ್ಣ, ಬೆಳಕು, ವಿದ್ಯುತ್ತು, ಕಾಂತತ್ವ ಎಂಬ ಪರಿಚಿತ ಸಂಗತಿಗಳೇ ಇಂಗ್ಲಿಷ್ ಪದಗಳ ಮರೆಯಲ್ಲಿ ಅಪರಿಚಿತವಾಗುತ್ತವೆ. ಸೂತ್ರಗಳನ್ನು ಬಾಯಿಪಾಠ ಮಾಡಿ, ಕೊನೆಗೆ "ಈ ವಿದ್ಯೆ ನನಗೆ ಹತ್ತದು" ಎಂದು ಕೈಬಿಡುವವರೂ ಉಂಟು. ಅಂಥ ಮಗುವಿಗೆ ತೊಡಕಾಗಿರುವುದು ಭಾಷೆ. ವಿಷಯವಾದರೋ ಕಣ್ಣೆದುರಿಗೇ ಇದೆ.

ಬೇಸಿಗೆಯ ಮಧ್ಯಾಹ್ನ ಕಡೂರಿನ ಬಯಲಿನ ಟಾರು ರಸ್ತೆಯಲ್ಲಿ ದೂರಕ್ಕೆ ನೀರು ನಿಂತಂತೆ ಕಾಣುತ್ತದೆ. ರಸ್ತೆಗೆ ತಾಗಿದ ಗಾಳಿ ಕಾದು ವಿರಳವಾಗುತ್ತದೆ. ಆಕಾಶದ ಬೆಳಕು ಅಲ್ಲಿ ಬಾಗಿ, ಮೇಲಕ್ಕೆ ತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಹಿರಿಯರು ಬಿಸಿಲ್ಗುದುರೆಯೆಂದು ಕರೆದ ಈ ನೋಟದಲ್ಲಿ ಉಷ್ಣ ಮತ್ತು ಬೆಳಕಿನ ಅಧ್ಯಾಯಗಳೆರಡೂ ಕೂಡಿವೆ. ಮೂರೂ ಊರುಗಳಲ್ಲಿ ರೈಲು ಹಳಿಯಿದೆ. ತಡೆಯಿಲ್ಲದಿದ್ದರೆ 1 ಕಿಲೋಮೀಟರ್ ಉದ್ದದ ಉಕ್ಕಿನ ಹಳಿ, ತಾಪ 30 ಡಿಗ್ರಿ ಸೆಲ್ಸಿಯಸ್ ಏರಿದಾಗ ಸುಮಾರು 36 ಸೆಂಟಿಮೀಟರ್ ಹಿಗ್ಗುತ್ತದೆ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಯ ನೀರು ಟರ್ಬೈನು ತಿರುಗಿಸಿ ವಿದ್ಯುತ್ತು ನೀಡುತ್ತದೆ. ತಂತಿಯ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. 1836ರಲ್ಲಿ ಐರ್ಲೆಂಡಿನ ಮೇನೂತ್ ಗುರುಮಠದ ಪ್ರಾಧ್ಯಾಪಕರಾಗಿದ್ದ ವಂದನೀಯ ಸ್ವಾಮಿ ನಿಕೋಲಸ್ ಕ್ಯಾಲನ್ ಪ್ರೇರಣಾ ಸುರುಳಿಯನ್ನು ರಚಿಸಿದರು. ಕಬ್ಬಿಣದ ತಿರುಳಿಗೆ ದಪ್ಪ ತಂತಿಯ ಕೆಲವು ಸುತ್ತು, ತೆಳು ತಂತಿಯ ಬಹಳಷ್ಟು ಸುತ್ತು. ದಪ್ಪ ತಂತಿಯ ಪ್ರವಾಹವನ್ನು ಥಟ್ಟನೆ ಕಡಿದರೆ ತೆಳು ತಂತಿಯಲ್ಲಿ ಅತ್ಯಧಿಕ ವೋಲ್ಟೇಜ್ ಏಳುತ್ತದೆ. ಬಲಿಪೂಜೆ, ಪಾಠ ಎರಡನ್ನೂ ನಡೆಸಿದ ಆ ಗುರುಗಳ ಸುರುಳಿಯ ತತ್ವವೇ ಇಂದಿಗೂ ಪೆಟ್ರೋಲ್ ಬೈಕಿನ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುತ್ತಿದೆ.

ಇಂಗ್ಲಿಷ್ ಬಾರದೆಂದು ಹೆತ್ತವರು ಹಿಂಜರಿಯಬೇಕಾಗಿಲ್ಲ. ಸಂಜೆಯ ಜಪಸರದ ಬಳಿಕ ಹತ್ತು ನಿಮಿಷ, ಅಂದಿನ ಪಾಠವನ್ನು ಮಗು ಕನ್ನಡದಲ್ಲಿ ವಿವರಿಸಲಿ. ನಾವು ಕೇಳೋಣ, ಪ್ರಶ್ನಿಸೋಣ. ಎಲ್ಲಿ ಮಾತು ತಡವರಿಸುವುದೋ ಅಲ್ಲಿಯೇ ಮರುದಿನ ಅಧ್ಯಾಪಕರನ್ನು ಕೇಳಬೇಕಾದ ಪ್ರಶ್ನೆ ದೊರೆಯುತ್ತದೆ. 'ಇಂಡಕ್ಷನ್' ಎಂದರೆ ಪ್ರೇರಣೆ, 'ರಿಫ್ರಾಕ್ಷನ್' ಎಂದರೆ ವಕ್ರೀಭವನ ಎಂದು ಬರೆದಿಡುವ ಒಂದು ಚಿಕ್ಕ ನೋಟ್‌ಬುಕ್ ಜೊತೆಗಿರಲಿ. ಪದದ ಅರ್ಥ ತಿಳಿದ ಮೇಲೆ ಸೂತ್ರವೂ ಮಾತನಾಡತೊಡಗುತ್ತದೆ. ಭಾಷೆಯ ಭಯಕ್ಕೆ ಅಂಜಿ ನಮ್ಮ ಮಕ್ಕಳು ವಿಜ್ಞಾನದ ಬಾಗಿಲಿನಿಂದ ಹಿಂದಿರುಗದಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಹೊಣೆ.